ಹದಿನೇಳು ಹೆಜ್ಜಿ

ಟೋಕನ್ ನಂಬರು ಸಾವಿರದ ನಾನೂರ ಆರು.
ಆದೆಪ್ಪ, ವಯಸ್ಸು ಇಪ್ಪತ್ತೆರಡು, ಬಂಡೆ ಉರುಳಿ.
ಹಟ್ಟಿಯ ಆಫೀಸಿನ ಹಳೇ ರಿಜಿಸ್ಟರಿನಲ್ಲಿ
ನನ್ನ ಸೋದರಮಾವನ ಪಾಲಿಗೆ ಬಂದದ್ದು ಒಂದೂವರೆ ಸಾಲು.
ಮಣ್ಣು ಮಾಡಿದ್ದೆಲ್ಲಿ ಅಂತ ಕೇಳಿದೆ.
ಗುಮಾಸ್ತ ಕನ್ನಡಕ ಹಣೆಗೇರಿಸಿ
'ಅದು ನಮ್ಮ ಖಾತೆ ಅಲ್ರಿ' ಅಂದ.
ಚಹಾ ತರಿಸಿದ. ಒಳ್ಳೆಯವನೇ.

ಅವ್ವ ಹೇಳಿ ಕಳಿಸಿದ ಗುರುತು ಒಂದೇ:
ಬೇವಿನ ಗಿಡದ ಬುಡದಿಂದ
ಹೊತ್ತು ಮುಳುಗೋ ಕಡಿಗೆ ಹದಿನೇಳು ಹೆಜ್ಜಿ.
ಹಿರಿಯರು ಹಿಡಿಮಣ್ಣು ಹಾಕುವಾಗ
ಬೇಸರಕ್ಕೋ ಭಯಕ್ಕೋ ನಡೆದು ಎಣಿಸಿದ್ದಳಂತೆ.
ಐವತ್ತೊಂದು ವರ್ಷ.
ಮಗ್ಗಿ ಮರೆತಳು, ಗಂಡನ ಮುಖ ಮರೆತಳು,
ಇತ್ತೀಚೆಗೆ ನನ್ನ ಹೆಸರೂ
ತಡವಿ ತಡವಿ ಸಿಗುತ್ತದೆ ಅವಳಿಗೆ,
ಹದಿನೇಳು ಮಾತ್ರ ಸವೆಯಲಿಲ್ಲ.

ಊದುಬತ್ತಿ ಹಚ್ಚು ಅನ್ನಲಿಲ್ಲ,
ಕಾಯಿ ಒಡಿ ಅನ್ನಲಿಲ್ಲ.
'ಕುಂದ್ರಿಸಿ ಇಟ್ಟಾರಲ್ಲ ಅವನ್ನ,
ಅಂಗೈಯಾಗ ಲಿಂಗ ಕೊಟ್ಟು.
ನಮ್ಮ ಕಡಿ ಮುಖ ಐತೋ ಬೆನ್ನೈತೋ
ಅಷ್ಟು ನೋಡ್ಕೊಂಡು ಬಾ.'

ಮುದಗಲ್ಲು ಬಿಡುವ ಹಿಂದಿನ ರಾತ್ರಿ
ಮಲಗಿದ್ದ ತಂಗಿಯ ಕಾಲಿನಿಂದ
ಬೆಳ್ಳಿ ಕಡಗ ಬಿಚ್ಚಿಕೊಂಡವನು ಅವನು.
'ಬಂಗಾರದ ಗಣಿಗೆ ಹೊಂಟೀನಿ,
ಬಂಗಾರದ್ದೇ ತರ್ತೀನಿ ಸುಮ್ಕಿರು'
ಅಂದನಂತೆ ನಿದ್ದೆಗಣ್ಣಿನವಳ ಕಿವಿಯಲ್ಲಿ.
ಮೂರು ದಿನ ಅತ್ತಳು, ನಾಲ್ಕನೆಯ ದಿನ ಶಪಿಸಿದಳು
ಎಂಟು ವರ್ಷದವಳಿಗೆ ಬರುವಷ್ಟು.
ಏನಂತ ಶಪಿಸಿದಳೋ,
ಇವತ್ತಿಗೂ ಬಾಯಿ ಬಿಟ್ಟಿಲ್ಲ.

ಬೇವು ಇದೆ. ಅದೇ ದೊಡ್ಡ ಸಂಗತಿ.
ಕ್ಯಾಂಪಿನ ಹಿಂದೆ, ಗಣಿ ಕಕ್ಕಿದ ಬೂದು ಮಣ್ಣಿನ
ಗುಡ್ಡದ ನೆರಳಲ್ಲಿ,
ಕೊಂಬೆಗೆ ಯಾರದೋ ಸೈಕಲ್ ಟೈರು ಸಿಕ್ಕಿಸಿಕೊಂಡು.
ನಡೆದೆ. ಹದಿನಾಲ್ಕಕ್ಕೇ
ಕಂಪೌಂಡು ಗೋಡೆ ಮೂಗಿಗೆ ಬಂತು.
ಮತ್ತೆ ನಡೆದೆ, ಮತ್ತೆ ಗೋಡೆ.
ಗುಂಡಿ ತೋಡುವ ಯಂಕೋಬ
ಬೀಡಿ ಆರಿಸಿ ಕಿವಿಗೆ ಸಿಕ್ಕಿಸಿ ಕೇಳಿದ:
'ಎಣಿಸಿದಾಕಿ ಎಷ್ಟು ವರ್ಷದಾಕಿ ಇದ್ದಳ್ರಿ ಆವಾಗ?'

ಮೊಮ್ಮಗಳನ್ನು ಕೂಗಿದ. ಪಲ್ಲವಿ, ನಾಲ್ಕನೇ ಕ್ಲಾಸು,
ತುಟಿಯೆಲ್ಲ ಐಸಿನ ಕಿತ್ತಳೆ ಬಣ್ಣ.
'ಚಪ್ಪಲಿ ಬಿಡವ್ವ' ಅಂದೆ, ಯಾಕೋ.
ನಾಲ್ಕು, ಐದು, ಆರು,
ಜಾಲಿ ಮುಳ್ಳು ಅಡ್ಡ ಬಂದು ಒಂದು ಜಿಗಿತ.
'ಇದನ್ನ ಹಿಡೀಲೇನ್ರಿ, ಬಿಡ್ಲೇನ್ರಿ?'
ನನಗೇನು ಗೊತ್ತು. ಹಿಡಿ ಅಂದೆ.
ಹದಿನೇಳಕ್ಕೆ ನಿಂತಳು,
ಗೋಡೆಗೆ ಇನ್ನೂ ಎರಡು ಮಾರು ಇರುವಾಗ.
ಕಲ್ಲಿಲ್ಲ. ದಿಬ್ಬವೂ ಇಲ್ಲ.
ಆಡಿನ ಹಿಕ್ಕೆ, ಒಂದು ತಂಗಡಿ ಗಿಡ.

'ಇಲ್ಲೇ ಅಂತ ಆಣಿ ಮಾಡಿ ಹೇಳಂಗಿಲ್ಲ.
ಆದ್ರ ನಮ್ಮಪ್ಪ ಎಲ್ಲಾರನ್ನೂ
ಮೂಡಲಕ್ಕೇ ಮುಖ ಮಾಡಿ ಕುಂದ್ರಸ್ತಿದ್ದ.'

ಮುದಗಲ್ಲು ಪಡುವಣಕ್ಕೆ.

ಅವನು ಕೂತ ಹಾಗೆಯೇ ಕೂತೆ, ಮೂಡಲಕ್ಕೆ.
ಬದುಕಿದ್ದಾಗ ದಿನಕ್ಕೆ ಸಾವಿರ ಅಡಿ ಇಳಿಯುತ್ತಿದ್ದವನು
ಈಗ ಒಂದಾಳು ಆಳದಲ್ಲಿದ್ದಾನೆ.
ಇಷ್ಟು ಮೇಲೆ
ಹಗಲುಪಾಳಿಯಲ್ಲಿ ಅವನು ಯಾವತ್ತೂ ಇದ್ದಿರಲಿಲ್ಲ.
ನಾಲ್ಕು ಗಂಟೆಗೆ ಕೆಳಗೆಲ್ಲೋ ಮದ್ದು ಹಾರಿತು,
ಕಿವಿಗಲ್ಲ, ತೊಡೆಗೆ ಕೇಳಿಸಿತು.
ಹುಡುಗಿ ಚಪ್ಪಲಿ ಹುಡುಕುತ್ತಿದ್ದಳು.

ಫೋನು ಹಚ್ಚಿದೆ.
'ಸಿಕ್ಕನೇನು?'
'ಸಿಕ್ಕಂಗಾತವ್ವ.'
'ಮುಖ?'
ಸುಳ್ಳೊಂದು ನಾಲಿಗೆಯ ತುದಿಗೆ ಬಂದು
ಬಸ್ಸಿಗೆ ಕಾಯುವವರ ಹಾಗೆ ನಿಂತಿತ್ತು.
'ಬೆನ್ನು' ಅಂದೆ.
'ಸಂಜಿ ಬಿಸಲು ನಮ್ಮೂರ ಕಡಿಯಿಂದ ಬಂದು
ಬೆನ್ನಿಗೆ ಬೀಳ್ತೈತಿ. ಬೆಚ್ಚಗ ಐತಿ.'

ಆ ಕಡೆ ಬಹಳ ಹೊತ್ತು ಬರೀ ಫ್ಯಾನಿನ ಸದ್ದು.
ಆಮೇಲೆ ಅವ್ವ ಕೆಮ್ಮಿದಳು,
ಗಂಟಲು ಸರಿಮಾಡಿಕೊಂಡಳು:
'ಏಳಿನ್ನ.
ಎಷ್ಟೊತ್ತಂತ ಕುಂದ್ರತಿ.'