ಪಾಲಿನ ಪಟ್ಟಿ

ಸರ್ಕಾರ ಅರ್ಧ ಕೊಡುತ್ತದೆ.
ಉಳಿದರ್ಧ ನೀವು ತೋರಿಸಬೇಕು ಅಂತ
ಎರಡನೇ ಪುಟದಲ್ಲೇ ಇದೆ, ದಪ್ಪ ಅಕ್ಷರದಲ್ಲಿ.
ಕೊಡಬೇಕು ಅಂದಿಲ್ಲ, ನೋಡಿ, ತೋರಿಸಬೇಕು.
ಆ ಒಂದು ಮಾತಿನ ಸಂದಿಯಲ್ಲಿ ನಾವು
ಮೂರು ವಾರದಿಂದ ಒಕ್ಕಲಾಗಿದ್ದೇವೆ.

ಕಲಮಜೂ ಊರು. ಫೆಬ್ರವರಿ. ನದಿಯ ಅಂಚಿಗೆ ಮಂಜಿನ ಕೆನೆ.
ಒಂದು ಕಾಲಕ್ಕೆ ಇಲ್ಲಿಯ ಗಾಳಿಗೇ ಕಾಗದದ ವಾಸನೆಯಂತೆ:
ಬೆಂದ ಕೋಸು, ಗಂಧಕ, ಸಂಬಳ.
ಈಗ ಉಳಿದದ್ದು ಆರನೇ ನಂಬರಿನ ಶೆಡ್ಡು,
ಅದರೊಳಗೆ ಅರವತ್ತಡಿ ಉದ್ದದ ಯಂತ್ರ.
ಹೊಳಪು ಕಾಗದಕ್ಕೆ ಬಿಳಿ ಜೇಡಿ ಬಳಿಯುತ್ತಿದ್ದದ್ದು
ಈಗ ತಾಮ್ರದ ಹಾಳೆಗೆ ಕಪ್ಪು ಬಳಿಯುತ್ತದೆ.
ಗ್ರಾಫೈಟು, ಅಂಟು, ನೀರು; ಗಟ್ಟಿ ಅಂಬಲಿಯ ಹದ.
ಎಳೆಗೂದಲಷ್ಟು ದಪ್ಪವಾದರೆ ಬ್ಯಾಟರಿ ಬಿಸಿಯೇರುತ್ತದೆ,
ತೆಳುವಾದರೆ ಕಾರು ಊರು ಮುಟ್ಟುವ ಮೊದಲೇ ನಿಲ್ಲುತ್ತದೆ.

ನಾನು ಅರ್ಜಿ ತುಂಬುವವಳು.
ಓದಿದ್ದು ರಸಾಯನಶಾಸ್ತ್ರ, ಕೂತದ್ದು ಲೆಕ್ಕದ ಹಾಳೆಯ ಮುಂದೆ.
ಕಲಂ ಎ, ನಗದು: ಬ್ಯಾಂಕಿನ ಪತ್ರ,
ಥೆಕ್ಲಾ ತನ್ನ ದೋಣಿ ಮಾರಿದ ರಸೀದಿ.
ಕಲಂ ಬಿ, ನಗದಲ್ಲದ್ದು.
ಇಲ್ಲಿ ಯಂತ್ರ ಬರೆಯಬಹುದು, ಶೆಡ್ಡಿನ ಬಾಡಿಗೆ ಬರೆಯಬಹುದು,
ಕೂಲಿ ಬಿಟ್ಟು ದುಡಿಯುವ ಗಂಟೆಯನ್ನೂ, ಆಧಾರವಿದ್ದರೆ.

ಯಂತ್ರಕ್ಕೆ ಬೆಲೆ ಕಟ್ಟಲು ಬಂದವನು
ಜೇಬಿನಿಂದ ಕೈ ತೆಗೆಯದೆ ಒಂದು ಸುತ್ತು ಹಾಕಿ
"ಗುಜರಿಗಾದರೆ ಹನ್ನೊಂದು ಸಾವಿರ" ಅಂದ,
"ಓಡಿದರೆ ನಾಲ್ಕು ಲಕ್ಷ."
ಓಡಿದರೆ.

ಓಡಿಸುವವನು ಆರ್ವೆಲ್ ಟಿಗ್ಪೆನ್, ಎಪ್ಪತ್ತೊಂದು ವರ್ಷ.
ಗಿರಣಿ ಮುಚ್ಚಿದ ದಿನ ಕೊನೆಯ ಸ್ವಿಚ್ಚು ಆರಿಸಿದ್ದೂ ಅವನೇ.
ಎಡಗಿವಿ ಹೋಗಿದೆ; ಬಲಗಿವಿಯಲ್ಲಿ ಇಡೀ ಗಿರಣಿ ಇದೆ.
ಸೆನ್ಸರು ಕೆಂಪಾಗುವ ಮೊದಲೇ ತಲೆ ವಾಲಿಸಿ
ಬ್ಲೇಡಿನ ತಿರುಪನ್ನು ಅಕ್ಕಿಕಾಳಿನಷ್ಟು ಹಿಂದಕ್ಕೆ ಸರಿಸುತ್ತಾನೆ.
ಹೇಗೆ ಗೊತ್ತಾಯಿತು ಅಂದರೆ,
"ಅವಳು ಗಂಟಲು ಸರಿಮಾಡಿಕೊಂಡಳಲ್ಲ."

ಇದನ್ನು ಯಾವ ಕಲಮಿನಲ್ಲಿ ಬರೆಯಲಿ?
ನಿಯಮ ಹದಿನಾಲ್ಕು: ಮಂಜೂರಾತಿಗೆ ಮುಂಚಿನ ವೆಚ್ಚ
ಪಾಲಿನ ಲೆಕ್ಕಕ್ಕೆ ಬಾರದು.
ಮುಂಚಿನದು ಅಂದರೆ ಅವನ ಮೂವತ್ತೆಂಟು ವರ್ಷ,
ರೋಲರಿಗೆ ಕೊಟ್ಟ ಎರಡು ಬೆರಳ ತುದಿ,
ರಾತ್ರಿಪಾಳಿಯ ಹಗಲುನಿದ್ದೆಯಲ್ಲಿ ಕಳೆದುಹೋದ
ಮಗಳೊಬ್ಬಳ ಬಾಲ್ಯ.
ಬಾರದು.

ಬುಧವಾರ ರಾತ್ರಿ ಫೋನ್ ಮಾಡಿ ಕೇಳಿದೆ,
ನಿಮ್ಮ ಗಂಟೆಗೆ ಎಷ್ಟು ಬರೆಯಲಿ?
ಬಹಳ ಹೊತ್ತು ಆಚೆ ಬರೀ ಟೀವಿಯ ಸದ್ದು. ಆಮೇಲೆ,
"ನನ್ನ ತಾತ ಮಿಸಿಸಿಪ್ಪಿಯಲ್ಲಿ ಕೋರಿಗೆ ಹತ್ತಿ ಬೆಳೆದವನು.
ಅರ್ಧ ಅವರದು, ಅರ್ಧ ಇವನದು,
ಲೆಕ್ಕದ ಪುಸ್ತಕ ಮಾತ್ರ ಪೂರ್ತಿ ಅವರದು.
ಪ್ರತಿ ಸುಗ್ಗಿಗೂ ಇವನೇ ಬಾಕಿ.
ಅರ್ಧ ಅನ್ನುವ ಮಾತು ಬಿದ್ದರೆ ನಮ್ಮ ಮನೆಯಲ್ಲಿ
ಇವತ್ತಿಗೂ ಯಾರೂ ಕುರ್ಚಿಗೆ ಒರಗುವುದಿಲ್ಲ."
ಕೆಮ್ಮಿದ. "ಗಿರಣಿ ಮುಚ್ಚಿದಾಗ ನನಗೆ
ಹತ್ತೊಂಬತ್ತು ಡಾಲರು ಅರವತ್ತು ಸೆಂಟು.
ಅದಕ್ಕಿಂತ ಜಾಸ್ತಿ ಬರೆದರೆ ಅವರು ನಂಬುತ್ತಾರಾ?"

ಗುರುವಾರ ಸಂಜೆ ಐದಕ್ಕೆ ಗಡುವು.
ನಾಲ್ಕು ನಲವತ್ತಕ್ಕೆ, ಕಡತದ ಹೆಸರು ಉದ್ದವಾಯಿತೆಂದು ತಿರಸ್ಕಾರ.
ಹೆಸರು ಮೊಟಕಿಸಿದೆ.
ನಾಲ್ಕು ಐವತ್ತೆರಡಕ್ಕೆ ಅವನ ಸಾಲಿಗೆ ಹಿಂತಿರುಗಿ
ಹತ್ತೊಂಬತ್ತು ಅರವತ್ತನ್ನು ಅಳಿಸಿದೆ.
ಪುಸ್ತಕ ನನ್ನ ಕೈಯಲ್ಲಿತ್ತು, ಬೆರಳು ನಡುಗುತ್ತಿತ್ತು.
ಅರವತ್ತೆಂಟು ಎಂದು ಬರೆದೆ.
ಆಧಾರ: ಲೇಪನ ತಜ್ಞ. ಬದಲಿ ಲಭ್ಯವಿಲ್ಲ.
ಸುಳ್ಳಲ್ಲ ಇದು, ಅಂತ ಎರಡು ಸಲ ಹೇಳಿಕೊಂಡೆ,
ಎರಡನೇ ಸಲ ಗಟ್ಟಿಯಾಗಿ.
ಒಟ್ಟು ಪಾಲು ಐವತ್ತು ಪಾಯಿಂಟ್ ಮೂರಕ್ಕೆ ಏರಿತು.
ಒತ್ತಿದೆ.

ಶೆಡ್ಡಿಗೆ ಓಡಿದರೆ ಯಂತ್ರ ನಡೆಯುತ್ತಿತ್ತು,
ತಾಮ್ರದ ಮೇಲೆ ಒದ್ದೆ ಕಪ್ಪು, ಒಂದೇ ಸಮ.
ಹೋಯಿತು ಅರ್ಜಿ, ಕೂಗಿದೆ, ನಿಮ್ಮ ಗಂಟೆಗೆ ಅರವತ್ತೆಂಟು!
ಅವನು ಎಡಗಿವಿಯನ್ನು ನನ್ನ ಕಡೆ ಬಿಟ್ಟು
ಬೆರಳೆತ್ತಿ ಸುಮ್ಮನಿರು ಅಂದ.
ಅವಳು ಏನೋ ಹೇಳುತ್ತಿದ್ದಳು.