ಬಲಕ್ಕೆ ಎಳೆಯುತ್ತೆ

ವೆಲ್ಲೋ ಲಾನೆಮೆಟ್ಸ್ ಬಸ್ಸಿನಲ್ಲಿ ಬಂದ,
ತೊಡೆಯ ಮೇಲೆ ಆಟದ ಸ್ಟೀರಿಂಗ್ ಚಕ್ರ.
ನೀನೇ ಓಡಿಸುತ್ತೀಯೇನಪ್ಪ, ಅಂದರಂತೆ ಯಾರೋ.
ಬಸ್ಸಿಗೆ ಬಸ್ಸೇ ನಕ್ಕಿತಂತೆ.

ವೊರು ಪೇಟೆ. ನವೆಂಬರ್. ನಾಲ್ಕಕ್ಕೆಲ್ಲ ಕತ್ತಲು.
ಮುಚ್ಚಿಹೋದ ಹಾಲಿನ ಡೈರಿಯ ಹಿಂಬದಿಯಲ್ಲಿ ನನ್ನ ರಿಪೇರಿ ಕೋಣೆ:
ಟೋಸ್ಟರು, ಹೊಲಿಗೆ ಯಂತ್ರ, ಯಾರದೋ ಮಾತು ನಿಂತ ಗೊಂಬೆ,
ಸ್ಪ್ರಾಟ್ ಮೀನಿನ ಖಾಲಿ ಡಬ್ಬಿಗಳ ತುಂಬ ಸ್ಕ್ರೂ.

"ಬಲಕ್ಕೆ ಎಳೆಯುತ್ತೆ," ಅಂದ.
ಅಷ್ಟೇ. ಡಾಕ್ಟರ ಮುಂದೆ ಗಂಡಸರು ಕೂತಂತೆ,
ನೋವು ಬೇರೆ ಯಾರದೋ ಮೊಣಕಾಲಿಗೆ ಎಂಬಂತೆ.

ಪ್ಲಗ್ಗು ಹಾಕಿದೆ.
ಈ ಚಕ್ರಗಳಿಗೆ ಏಳುವಾಗಿನ ಒಂದು ಪದ್ಧತಿಯಿದೆ:
ಯಾರೂ ಮುಟ್ಟದೆ ತಾನೇ ಎಡಕ್ಕೆ ತಿರುಗಿ ಕೊನೆ ಮುಟ್ಟಿ,
ಬಲಕ್ಕೆ ತಿರುಗಿ ಕೊನೆ ಮುಟ್ಟಿ,
ಎರಡನ್ನೂ ಕೂಡಿ ಅರ್ಧ ಮಾಡಿ
ನಡುವೆ ಬಂದು ನಿಲ್ಲುವುದು.
ನಿಂತಿತು, ಇನ್‌ಸ್ಪೆಕ್ಟರ್ ಬಂದ ದಿನದ ಶಾಲೆಯ ಹುಡುಗನಂತೆ.
ಒಂದೂ ತಪ್ಪಿಲ್ಲ.

ಮೊದಲ ದಿನ ವೈರು. ಬೇರೆ ಕಿಂಡಿ, ಬೇರೆ ಕಂಪ್ಯೂಟರು.
ಎರಡನೆಯ ದಿನ ಮೋಟಾರಿನ ಬಲ ನೂರರಿಂದ ಅರವತ್ತಕ್ಕೆ ಇಳಿಸಿದೆ;
ಬಲ ಇಳಿಯಿತು, ಬಲಕ್ಕೆ ಎಳೆಯುವುದು ಇಳಿಯಲಿಲ್ಲ.
"ಹಳೇ ಡ್ರೈವರ್ ತೆಗೆದುಹಾಕಿ ನೋಡ್ತೀನಿ," ಅಂದೆ ಫೋನಿನಲ್ಲಿ.
ಆ ಕಡೆ ತುಸು ಹೊತ್ತು ಸದ್ದಿಲ್ಲ.
ನಾಲಿಗೆ ಕಚ್ಚಿಕೊಂಡೆ.

ಊರಿಗೆಲ್ಲ ಗೊತ್ತಿದ್ದದ್ದೇ.
ಇಪ್ಪತ್ತೆರಡು ವರ್ಷ ಮರದ ದಿಮ್ಮಿಯ ಲಾರಿ.
ಹೋದ ವರ್ಷದ ಹಿಮದಲ್ಲಿ, ಒಂದು ನೇರ ರಸ್ತೆಯಲ್ಲಿ,
ಹನ್ನೊಂದು ಸೆಕೆಂಡು ಅವನು ಅಲ್ಲಿರಲಿಲ್ಲ.
ಕೂತಿದ್ದ, ಕಣ್ಣು ತೆರೆದಿತ್ತು, ಇರಲಿಲ್ಲ.
ಬಲಬದಿಯ ಹಳ್ಳದಲ್ಲಿ ಸಿಕ್ಕಿತು ಲಾರಿ.
ಯಾರಿಗೂ ಏನೂ ಆಗಲಿಲ್ಲ. ಲೈಸೆನ್ಸು ಹೋಯಿತು.

ಮೂರನೆಯ ರಾತ್ರಿ ನಾನೇ ಕೂತು ಓಡಿಸಿದೆ,
ಪರದೆಯ ಮೇಲೆ ಪೈನ್ ಕಾಡು, ಜಲ್ಲಿ ರಸ್ತೆ.
ಒಂದೊಂದು ಕಲ್ಲೂ ಅಂಗೈಗೆ ಬಂದು ಹೆಸರು ಹೇಳಿತು.
ಇಪ್ಪತ್ತು ನಿಮಿಷ ಸರಿ.
ಆಮೇಲೆ ನೇರ ಹೋಗಲು ಎಡಕ್ಕೆ ಹಿಡಿಯಬೇಕಾಯಿತು,
ಮೊದಲು ಚೂರು, ಆಮೇಲೆ ನಾಲ್ಕು ಡಿಗ್ರಿ.
ಬಿಚ್ಚಿದೆ.

ಮೋಟಾರಿನ ಬಾಲದಲ್ಲಿ ಬಟನ್ನಿನಷ್ಟು ಒಂದು ಬಿಲ್ಲೆ,
ಅಂಚಿಗೆಲ್ಲ ಸಣ್ಣ ಗೀರು. ಗೀರು ದಾಟುವ ಬೆಳಕನ್ನು ಎಣಿಸಿ
ಎಷ್ಟು ತಿರುಗಿದೆನೆಂದು ಚಕ್ರ ತಿಳಿಯುತ್ತದೆ.
ಬಿಲ್ಲೆಯ ಕೊರಳಲ್ಲಿ ಕೂದಲೆಳೆಯಷ್ಟು ಸೀಳು.
ಪ್ರತಿ ಗುಂಡಿಗೂ ಮೋಟಾರು ಒಂದಿಷ್ಟು ಹೆಚ್ಚು ತಿರುಗುತ್ತಿತ್ತು,
ಬಿಲ್ಲೆ ಇದ್ದಲ್ಲೇ ಜಾರುತ್ತಿತ್ತು.
ಎಣಿಕೆ ತಪ್ಪಿರಲಿಲ್ಲ.
ನಡು ಎಲ್ಲಿದೆಯೆಂದು ಚಕ್ರಕ್ಕೆ ಅನುಮಾನವೇ ಇರಲಿಲ್ಲ.

ಬೆಂಕಿಕಡ್ಡಿಯ ತುದಿಯಿಂದ ಒಂದು ಹನಿ ಅಂಟು,
ಮೇಲೊಂದು ಹಿತ್ತಾಳೆಯ ಬಳೆ.
ಒಂದು ರಾತ್ರಿ ಒಣಗಲು.

ಮತ್ತೆ ಬಸ್ಸಿನಲ್ಲೇ ಬಂದ. ಕೈಗವಸು ಬಿಚ್ಚಿ ಜೇಬಿಗಿಟ್ಟು
ಚಕ್ರ ಹಿಡಿದ. ನನ್ನಂತಲ್ಲ; ಹಸುಗೂಸಿನ ತಲೆ ಹಿಡಿದಂತೆ.
ಅರ್ಧ ಗಂಟೆ ಓಡಿಸಿದ. ಮೇಜು ನಡುಗಿತು, ಸ್ಪ್ರಾಟ್ ಡಬ್ಬಿಗಳು ಗಲಗಲ.
ಕಾಡು ಮುಗಿದು ಒಂದು ಉದ್ದನೆಯ ನೇರ ರಸ್ತೆ ಬಂತು.

ಅಲ್ಲಿ ಕೈಬಿಟ್ಟ.
ಎರಡೂ ಕೈ ತೊಡೆಯ ಮೇಲಿಟ್ಟು
ತುಟಿಯಲ್ಲಿ ಏನೋ ಎಣಿಸುತ್ತ ಕೂತ.
ಕಾರು ನೇರ ಹೋಯಿತು. ಹೋಯಿತು.
ಚಕ್ರ ಅಲುಗಲಿಲ್ಲ, ಯಾವ ಕಡೆಗೂ ಎಳೆಯಲಿಲ್ಲ.
ನಾನೂ ಎಣಿಸುತ್ತಿದ್ದೇನೆಂದು ಏಳಕ್ಕೆ ಗೊತ್ತಾಯಿತು.
ಎಂಟು. ಒಂಬತ್ತು.
ಹತ್ತಕ್ಕೆ ರಸ್ತೆ ಎಡಕ್ಕೆ ತಿರುಗಿತು.

ಕಾರು ನೇರ ಹೋಯಿತು.
ಬಲಬದಿಯ ಹಳ್ಳಕ್ಕೆ.

ಚಕ್ರ ಒಮ್ಮೆ ಜಾಡಿಸಿತು; ಒಂದು ಡಬ್ಬಿ ಉರುಳಿ
ಸ್ಕ್ರೂಗಳೆಲ್ಲ ನೆಲಕ್ಕೆ.
ಬಗ್ಗಿ ಒಂದೊಂದಾಗಿ ಆರಿಸಿಕೊಟ್ಟ,
ಉದ್ದದ್ದು ಬೇರೆ, ಗಿಡ್ಡದ್ದು ಬೇರೆ.

"ಸರಿಯಾಗಿದೆ," ಅಂದ.
"ಎಷ್ಟಾಯ್ತು?"