ಹದಿನೈದಕ್ಕೆ ಹದಿಮೂರು

ಬಿ.ಎ. ಎರಡನೇ ವರ್ಷ, ಇಂಗ್ಲಿಷ್ ಪತ್ರಿಕೆ, ಏಳನೇ ಪ್ರಶ್ನೆ:
‘ಕಾದಂಬರಿಯ ತರುಣನ ನೈತಿಕ ಬೆಳವಣಿಗೆಯನ್ನು ವಿವರಿಸಿ.’
ರಾಣಿಯ ಕಾಲದ ದಪ್ಪ ಪುಸ್ತಕ; ಮಂಜು, ಕುದುರೆಗಾಡಿ, ಕಲ್ಲಿದ್ದಲ ಹೊಗೆ.
ಉಚ್ಚಿಲದ ಸೆಕೆಯಲ್ಲಿ ಬೆವರುತ್ತ ಮೂರು ಪುಟ ಬರೆದೆ.
ಪಟ್ಟಣ ಸೇರಿದ, ಕೋಟು ಹೊಲಿಸಿಕೊಂಡ, ಹಮ್ಮು ಬಂತು,
ಕೊನೆಯಲ್ಲಿ ಅತ್ತ, ಒಳ್ಳೆಯವನಾದ.
ಹದಿನೈದಕ್ಕೆ ಹದಿಮೂರು.
ಪಕ್ಕದಲ್ಲಿ ಕೆಂಪು ಶಾಯಿ: ‘ಚೆನ್ನಾಗಿ ಅರ್ಥವಾಗಿದೆ.’

ಈಗ ಶಾರ್ಜಾ. ಅಬು ಶಗಾರದ ಹನ್ನೊಂದನೇ ಮಹಡಿ.
ವಿಮಾ ಕಂಪೆನಿಯ ಸಹಾಯಕ ಮ್ಯಾನೇಜರ್ ತಮೀಮ್,
ಬಿಳಿ ಕಾರು, ಇನ್ನೂ ನಲವತ್ತೊಂದು ಕಂತು.
ಕೆಳಗೆ ಪಾರ್ಕಿಂಗಿನಲ್ಲಿ, ಸುಬಹಿಯ ಬಾಂಗಿಗೂ ಮೊದಲು,
ಒಂದು ಬಕೆಟ್ಟು, ಹರಿದ ಬನಿಯನ್ನಿನ ತುಂಡು,
ಮತ್ತು ಇದಿನಬ್ಬ.

ಒಂದು ಸಂಜೆ ಆಫೀಸಿನವರ ಜೊತೆ ಇಳಿದು ಬರುವಾಗ
ಕಂಬದ ಮರೆಯಿಂದ ಬಂದ,
ಕೈಯಲ್ಲಿ ಗಂಟು ಹಾಕಿದ ಪ್ಲಾಸ್ಟಿಕ್ ಚೀಲ, ಬಂಗುಡೆಯ ವಾಸನೆ.
‘ಮೋನೇ, ನೀನು ಉಚ್ಚಿಲದವನಲ್ಲವಾ, ಖಾದರ್‌ನ ಮಗ?’
ಕೇಳಿದ್ದು ಬ್ಯಾರಿ ಭಾಷೆಯಲ್ಲಿ.
ನಾನು ಹಿಂದಿಯಲ್ಲಿ ಹೇಳಿದೆ: ‘ನಹೀ ಭಾಯ್.’
ಜೊತೆಯವರು ಕೇಳಿದರು, ‘ಯಾರು?’
‘ಯಾರೋ.’
ಆ ತಿಂಗಳು ಗಾಜಿನ ಮೇಲೆ ಕಲೆ ಉಳಿದಿದೆಯೆಂದು
ಅವನ ಲೆಕ್ಕದಿಂದ ಹತ್ತು ದಿರ್ಹಮ್ ಮುರಿದುಕೊಂಡೆ.
ಕಲೆ ಇತ್ತು. ಸುಳ್ಳಲ್ಲ. ಹುಡುಕಿದ್ದು ನಾನು.

ಫೋನಿನಲ್ಲಿ ಉಮ್ಮನಿಗೆ ತಮಾಷೆಗೆಂದು ಹೇಳಿದೆ.
ಆ ಕಡೆ ಕುಕ್ಕರಿನ ಸೀಟಿ ಎರಡು ಸಲ ಕೂಗಿತು,
ಉಮ್ಮ ಏನೂ ಅನ್ನಲಿಲ್ಲ.
ಆಮೇಲೆ ಅಂದಳು:
ಬಾಪನ ಸಾಲದ ಚೆಕ್ಕಿಗೆ ಜಾಮೀನು ನಿಂತದ್ದು ಅವರು.
ಬಾಪ ರಾತ್ರೋರಾತ್ರಿ ವಿಮಾನ ಹತ್ತಿ ಬಂದ.
ಅವರು ಇಪ್ಪತ್ತೆರಡು ತಿಂಗಳು ಒಳಗಿದ್ದರು.
ಹೊರಬಂದ ಮೇಲೆ, ಪ್ರತಿ ಜೂನಿಗೆ, ನಿನ್ನ ಫೀಸು.
ಹಾಜಿಯವರ ಟ್ರಸ್ಟಿನ ಹೆಸರಲ್ಲಿ ಕಳಿಸುತ್ತಿದ್ದರು,
‘ಜೈಲಿಗೆ ಹೋದವನ ದುಡ್ಡೆಂದು ಹುಡುಗ ಕತ್ತು ಬಗ್ಗಿಸುವುದು ಬೇಡ.’

ಆ ಹಾಜಿಯವರಿಗೆ ನಾನೇ ಶಾಲು ಹೊದಿಸಿದ್ದೆ.
ಭಾಷಣವನ್ನೂ ಮಾಡಿದ್ದೆ, ಮೈಕು ಕಿರುಚುತ್ತಿತ್ತು.

ನಿಜ ಹೇಳುತ್ತೇನೆ. ಮೊದಲು ಬಂದದ್ದು ನಾಚಿಕೆಯಲ್ಲ,
ಭಯ: ಇವರು ತಿರುಗಿ ಕೇಳಿಬಿಟ್ಟರೆ?
ಐದು ವರ್ಷದ ಫೀಸಿಗೆ ಬಡ್ಡಿ ಕೂಡಿಸಿ ನೋಡಿದೆ,
ಕಾರಿನ ಕಂತಿಗಿಂತ ಕಡಿಮೆ ಬಂತು, ನೆಮ್ಮದಿಯಾಯಿತು.
ಆ ನೆಮ್ಮದಿಯನ್ನು ನೆನೆದು ಆಮೇಲೆ ನಾಚಿಕೆ.
ಏಳನೇ ಪ್ರಶ್ನೆಗೆ ನಾನು ಇದನ್ನು ಬರೆದಿರಲಿಲ್ಲ.
ಆ ರಾತ್ರಿ ಕೆಳಗಿಳಿಯಲಿಲ್ಲ. ಮರುರಾತ್ರಿಯೂ.
ಐದನೆಯ ದಿನ ಲಿಫ್ಟಿನ ಗುಂಡಿ ಒತ್ತಿದೆ,
ಹನ್ನೊಂದರಿಂದ ನೆಲಕ್ಕೆ ಇಷ್ಟು ದೂರವೆಂದು ಗೊತ್ತಿರಲಿಲ್ಲ.

ಅವರು ಗಾಜು ಒರೆಸುತ್ತಿದ್ದರು, ಬೆನ್ನು ನನ್ನ ಕಡೆ.
ಹೇಳಲು ಎಷ್ಟೋ ಇತ್ತು. ಕೈಯಲ್ಲಿದ್ದದ್ದು ಹತ್ತರ ನೋಟು.
ಅದನ್ನೇ ಚಾಚಿದೆ.
ನೋಡಿದರು. ತೆಗೆದುಕೊಂಡರು. ಮಡಚಿ ಜೇಬಿಗಿಟ್ಟರು.
‘ಕಲೆ ಹೋಗಿದೆಯಾ ನೋಡು’ ಅಂದರು.

ಈಗ ಕ್ಷಮಾದಾನದ ಕೊನೆಯ ವಾರ.
ಟೈಪಿಂಗ್ ಸೆಂಟರಿನ ಮುಂದೆ ಬಿಸಿಲಿನ ಸಾಲು,
ವೀಸಾ ಮುಗಿದು ಆರು ವರ್ಷವಾದ ಇದಿನಬ್ಬರು ಮತ್ತು ನಾನು.
ಒಂದೇ ನೀರಿನ ಬಾಟಲಿ.
ಕಣ್ಣೂರಿನ ಹುಡುಗಿ ಕಂಪ್ಯೂಟರಿನಿಂದ ತಲೆಯೆತ್ತದೆ ಕೇಳುತ್ತಾಳೆ:
‘ಟಿಕೆಟ್ ಯಾರದು?’
‘ನನ್ನದು.’
‘ಇವರಿಗೆ ನೀವು ಏನಾಗಬೇಕು?’
‘ಸಾಲಗಾರ.’
ಮೌಸು ಮೇಲೆ ಕೆಳಗೆ ಓಡಿತು.
‘ಅಂಥದ್ದು ಪಟ್ಟಿಯಲ್ಲಿಲ್ಲ ಸಾರ್.’
ಹಿಂದೆ ನೂರು ಜನ, ಎಸಿಯ ಗೊರಗೊರ,
ಅವಳ ಬೆರಳು ಕಾಯುತ್ತಿದೆ.
ಮಗ ಅನ್ನಲು ಬಾಯಿ ಬರಲಿಲ್ಲ.
ಗಳಿಸದ ಮಾತದು, ಅದನ್ನೂ ಬಿಟ್ಟಿ ತೆಗೆದುಕೊಳ್ಳುವುದೇ?

ಹಿಂದಿನಿಂದ ಅವರೇ ಅಂದರು, ಬ್ಯಾರಿಯಲ್ಲಿ, ಮೆಲ್ಲಗೆ:
‘ಊರಿನವರು ಅಂತ ಬರೆಸು ಮೋನೇ.
ಸಾಕು.’

ಆ ಹುಡುಗಿಗೆ ಅದನ್ನು ನಾನು ಎರಡು ಸಲ ಹೇಳಿದೆ,
ಸಾಲಿನ ತುದಿಯವರೆಗೂ ಕೇಳುವಷ್ಟು ಗಟ್ಟಿಯಾಗಿ.